ಬದನೆಕಾಯಿಯ ಮೇಲೆ ಹೊರಿಸಿದ ತಪ್ಪು

ನಮ್ಮ ದೊಡ್ಡಮ್ಮನ ಎಡಗಣ್ಣಿನ ಪೊರೆ ತೆಗೆದದ್ದು ಒಂದು ಸೋಮವಾರ. ಮರುದಿನ ಪಟ್ಟಿ ಬಿಚ್ಚಿದಾಗ, ಎದುರಿನ ಗೋಡೆಯ ಕ್ಯಾಲೆಂಡರ್ ನೋಡಿ ಏಕಾದಶಿ ಯಾವತ್ತು ಎಂದು ತಾನೇ ಓದಿ ಹೇಳಿದಳು. ಗುರುವಾರ ಸಂಜೆ ಆ ಕಣ್ಣು ಮಂಜಾಯಿತು. ಶುಕ್ರವಾರ ರೆಪ್ಪೆ ಊದಿಕೊಂಡಿತು. ಶನಿವಾರ ಬೆಳಿಗ್ಗೆ ನಾನು ಹೋದವನು, ಬೇಡ ಬೇಡ ಎನ್ನುತ್ತಿದ್ದರೂ ಕಪ್ಪು ಕನ್ನಡಕ ತೆಗೆಸಿ, ಬಾಗಿಲ ಬೆಳಕಿಗೆ ಮುಖ ತಿರುಗಿಸಿ ನೋಡಿದೆ. ಕರಿಗುಡ್ಡೆಯ ಕೆಳಭಾಗದಲ್ಲಿ, ಲೋಟದ ತಳದಲ್ಲಿ ಮಜ್ಜಿಗೆ ಉಳಿದ ಹಾಗೆ, ಬೆಳ್ಳಗೆ ಏನೋ ಮಟ್ಟಸವಾಗಿ ನಿಂತಿತ್ತು. ಅದು ಕೀವು ಎಂದು ಆಗ ನನಗೆ ಗೊತ್ತಿರಲಿಲ್ಲ.

ಎರಡು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದ್ದಕ್ಕೆ ದನಿ ತಗ್ಗಿಸಿದಳು. "ಬುಧವಾರ ಎಣ್ಣೆಗಾಯಿ ಉಂಡಿದ್ದೆ. ನಂಜು ಅಂತ ಗೊತ್ತಿದ್ದೂ ಉಂಡೆ. ಈಗ ಹೇಳಿದರೆ ಬಡಿಸಿದ ಸೊಸೆಗೆ ಎಲ್ಲರೂ ಬೈತಾರೆ. ತಾನಾಗಿ ಇಳೀತದೆ ಅಂತ ಸುಮ್ಮನಿದ್ದೆ."

ಆಸ್ಪತ್ರೆಗೆ ಕರೆದುಕೊಂಡು ಹೋದರೆ ಅಲ್ಲಿ ಮೊದಲು ಬಂದ ಪ್ರಶ್ನೆ, "ತಲೆಗೆ ನೀರು ಹಾಕ್ಕೊಂಡ್ರಾ?" ಊರಿಗೆ ಬಂದ ಮೇಲೆ ಕಟ್ಟೆಯ ಮೇಲೆ ಕೂತವರ ತೀರ್ಪು, "ಪುಕ್ಕಟೆ ಆಪರೇಷನ್ನು, ಇನ್ನೇನಾದೀತು." ಮನೆಯವರು ಬದನೆಕಾಯಿಯನ್ನು ದೂರಿದರು, ಆಸ್ಪತ್ರೆ ಮನೆಯವರನ್ನು ದೂರಿತು, ಊರು ಪುಕ್ಕಟೆ ಶಿಬಿರವನ್ನು ದೂರಿತು. ದೊಡ್ಡಮ್ಮನಿಗೆ ಈಗ ಆ ಕಣ್ಣಿನಲ್ಲಿ ಹಗಲು ರಾತ್ರಿಯ ವ್ಯತ್ಯಾಸ ಗೊತ್ತಾಗುತ್ತದೆ, ಅಷ್ಟೇ.

ನಾನು ವೈದ್ಯನಲ್ಲ. ಆದರೆ ಅಲ್ಲಿಂದೀಚೆಗೆ ಈ ಕಾಯಿಲೆಯ ಬಗ್ಗೆ ನಡೆದ ಸಂಶೋಧನೆಗಳನ್ನು ಹುಡುಕಿ ಓದುತ್ತ ಬಂದಿದ್ದೇನೆ. ಓದಿದಷ್ಟೂ ಒಂದು ಮಾತು ಗಟ್ಟಿಯಾಗಿದೆ. ಪೊರೆ ತೆಗೆಸಿದ ಮೇಲೆ ಕಣ್ಣು ಕೆಟ್ಟರೆ ನಾವು ಹುಡುಕುವುದು ಒಬ್ಬ ತಪ್ಪಿತಸ್ಥನನ್ನು. ಸಂಶೋಧನೆ ಹುಡುಕು ಎನ್ನುವುದು ಎರಡು ಸಂಗತಿಗಳನ್ನು: ಆಪರೇಷನ್ ಕೋಣೆಯಲ್ಲಿ ಆ ಕಣ್ಣಿನೊಳಗೆ ಏನೇನು ಹೋಯಿತು, ಮತ್ತು ಕಣ್ಣು ಮಂಜಾದ ಮೇಲೆ ಎಷ್ಟು ಗಂಟೆ ಕಳೆಯಿತು. ನಮ್ಮ ರೂಢಿಯ ನಂಬಿಕೆಗಳು ಬರೀ ತಪ್ಪಾಗಿದ್ದರೆ ಬಿಟ್ಟುಬಿಡಬಹುದಿತ್ತು. ಅವು ಕಣ್ಣು ಕಳೆಯುತ್ತಿವೆ.

ವೈದ್ಯರು ಇದನ್ನು ಎಂಡಾಫ್ತಲ್ಮೈಟಿಸ್ ಎನ್ನುತ್ತಾರೆ. ಕಣ್ಣುಗುಡ್ಡೆಯ ಒಳಗಿನ ಸೋಂಕು. ಮದ್ರಾಸ್ ಐ ಎಂದು ನಾವು ಕರೆಯುವ ಕಣ್ಣುಬೇನೆ ಹೊರಪದರದ್ದು, ವಾರದಲ್ಲಿ ವಾಸಿಯಾಗುತ್ತದೆ. ಇದು ಹಾಗಲ್ಲ. ಕಣ್ಣಿನ ಒಳಗೆ ತುಂಬಿರುವ ಪಾರದರ್ಶಕ ಲೋಳೆಯಲ್ಲಿ ರಕ್ತನಾಳಗಳಿಲ್ಲ. ರಕ್ತದ ಜೊತೆ ಬರುವ ಕಾವಲು ಕಣಗಳು ಅಲ್ಲಿಗೆ ಸುಲಭವಾಗಿ ತಲುಪುವುದಿಲ್ಲ. ನುಂಗಿದ ಮಾತ್ರೆಯದ್ದೂ ಅದೇ ಕಥೆ. ಹಾಗಾಗಿ ಒಳಹೊಕ್ಕ ಜೀವಾಣುವಿಗೆ ಅದು ಬೇಲಿಯಿಲ್ಲದ ಹೊಲ.

ಆ ಜೀವಾಣು ಎಲ್ಲಿಂದ ಬರುತ್ತದೆ? ಅಮೆರಿಕದಲ್ಲಿ 1990ರಿಂದ 1994ರವರೆಗೆ 420 ರೋಗಿಗಳ ಮೇಲೆ ನಡೆದು 1995ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ, ಎಂಡಾಫ್ತಲ್ಮೈಟಿಸ್ ವಿಟ್ರೆಕ್ಟಮಿ ಸ್ಟಡಿ. ಜೀವಾಣುವಿನ ಗುರುತು ಸಿಕ್ಕ ಕಣ್ಣುಗಳಲ್ಲಿ ಸುಮಾರು ಶೇ. 70ರಲ್ಲಿ ಇದ್ದದ್ದು ಚರ್ಮದ ಮೇಲೆ, ರೆಪ್ಪೆಯ ಅಂಚಿನಲ್ಲಿ ಸದಾ ವಾಸಿಸುವ ಒಂದು ಬಗೆಯ ಸ್ಟೆಫಿಲೊಕಾಕಸ್. ಕೊಳಕರ ರೆಪ್ಪೆಯಲ್ಲಿ ಮಾತ್ರ ಇರುವಂಥದ್ದಲ್ಲ. ನಿಮ್ಮದರಲ್ಲೂ ಇದೆ, ನನ್ನದರಲ್ಲೂ ಇದೆ, ಆಪರೇಷನ್ ಮಾಡುವ ಡಾಕ್ಟರದ್ದರಲ್ಲೂ ಇದೆ. ಕಣ್ಣು ಕೊಯ್ಯುವ ಹೊತ್ತಿನಲ್ಲಿ ಅದು ಒಳಗೆ ಜಾರುತ್ತದೆ. ಆದ್ದರಿಂದಲೇ ಕತ್ತರಿ ಮುಟ್ಟುವ ಮುಂಚೆ ಕಣ್ಣಿಗೆ ಪೊವಿಡೋನ್ ಅಯೋಡಿನ್ ಎಂಬ ಕಂದು ಬಣ್ಣದ ಹನಿ ಬಿಡುತ್ತಾರೆ. ಉರಿಯುತ್ತದೆ. ಬೆಲೆ ಕಡಿಮೆ. 1991ರಲ್ಲಿ ಸ್ಪೀಕರ್ ಮತ್ತು ಮೆನಿಕಾಫ್ ಎಂಬ ಇಬ್ಬರು ಇದರಿಂದ ಒಳಸೋಂಕು ಇಳಿಯುತ್ತದೆ ಎಂದು ತೋರಿಸಿದರು. ಇವತ್ತಿಗೂ ಜಗತ್ತಿನ ಕಣ್ಣಿನ ಆಸ್ಪತ್ರೆಗಳೆಲ್ಲ ಆ ಹನಿಯನ್ನು ನೆಚ್ಚಿಕೊಂಡಿವೆ.

ಇನ್ನು ಬದನೆಕಾಯಿ. ಹೊಟ್ಟೆಗೆ ಹೋದ ಪಲ್ಯ ಕಣ್ಣಿನಲ್ಲಿ ಕೀವಾಗುವುದಕ್ಕೆ ದಾರಿಯೇ ಇಲ್ಲ. ಕುಂಬಳಕಾಯಿ, ಶೇಂಗಾ, ಒಣಮೀನು ಯಾವುದಕ್ಕೂ ಇಲ್ಲ. ಪಥ್ಯ ಮಾಡಿದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ನಷ್ಟ ಇದೆ. ಪಥ್ಯ ಎಂದರೆ ಅದನ್ನು ಮುರಿಯುವ ತಪ್ಪೂ ಹುಟ್ಟಿತು, ತಪ್ಪಿದ್ದಲ್ಲಿ ಅದನ್ನು ಮುಚ್ಚಿಡುವುದೂ ಹುಟ್ಟಿತು. ನಮ್ಮ ದೊಡ್ಡಮ್ಮ ಮುಚ್ಚಿಟ್ಟದ್ದು ಎರಡು ದಿನವನ್ನು. ತಲೆಸ್ನಾನದ ಮಾತು ಸ್ವಲ್ಪ ಬೇರೆ: ಗಾಯ ಕೂಡಿಕೊಳ್ಳುವವರೆಗೆ ಕಣ್ಣಿಗೆ ನೀರು ತಾಗದಿರಲಿ ಎನ್ನುವ ಎಚ್ಚರಿಕೆ ಸರಿಯೇ. ಆದರೆ ಎಚ್ಚರಿಕೆಯಾಗಿ ಹೇಳಿದ ಮಾತನ್ನು ಕಣ್ಣು ಹೋದ ಮೇಲೆ ಆರೋಪವಾಗಿ ತಿರುಗಿಸುವುದು ಅನ್ಯಾಯ. ಒಂದೇ ದಿನ, ಒಂದೇ ಟೇಬಲ್ಲಿನ ಮೇಲೆ ಪೊರೆ ತೆಗೆಸಿಕೊಂಡ ಹತ್ತಿಪ್ಪತ್ತು ಮಂದಿಯ ಕಣ್ಣಲ್ಲಿ ಒಂದೇ ಜೀವಾಣು ಬೆಳೆದರೆ, ಅದು ಇಪ್ಪತ್ತು ಬಚ್ಚಲುಮನೆಗಳಿಂದ ಬಂದದ್ದಲ್ಲ.

ಅಂಥದ್ದನ್ನು ನಾವು ಬೆಂಗಳೂರಿನಲ್ಲೇ ಕಂಡಿದ್ದೇವೆ. 2019ರ ಜುಲೈನಲ್ಲಿ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಒಂದೇ ದಿನ ಪೊರೆ ತೆಗೆಸಿಕೊಂಡವರಲ್ಲಿ ಹಲವರ ಕಣ್ಣಿಗೆ ಸೋಂಕು ತಗುಲಿತು, ಕೆಲವರ ದೃಷ್ಟಿ ಹೋಯಿತು. ಆಪರೇಷನ್ ವೇಳೆ ಕಣ್ಣೊಳಗೆ ಜಾಗ ಹಿಡಿದು ನಿಲ್ಲಿಸಲು ಜೆಲ್ಲಿನಂಥ ಒಂದು ದ್ರವ ಬಿಡುತ್ತಾರೆ. ಆ ದ್ರವದಲ್ಲೇ ಸೂಡೋಮೊನಾಸ್ ಎಂಬ ಜೀವಾಣು ಇತ್ತೆಂದು ಪರೀಕ್ಷೆಯ ವರದಿ ಬಂದದ್ದು ಪತ್ರಿಕೆಗಳಲ್ಲಿ ಬಂತು. ಆದರೆ ನಮ್ಮಲ್ಲಿ ಬಹಳ ಮಂದಿಗೆ ನೆನಪಿರುವುದು ಆ ಬಾಟಲಿಯಲ್ಲ. ನೆನಪಿರುವುದು ನವೆಂಬರ್ 1ರಂದು ಆಸ್ಪತ್ರೆಗೆ ನುಗ್ಗಿದ ಕಾರ್ಯಕರ್ತರು, ಕಿರಿಯ ವೈದ್ಯರ ಮೇಲೆ ನಡೆದ ಹಲ್ಲೆ, ಆಮೇಲಿನ ಮುಷ್ಕರ. ಕಣ್ಣು ಕಳೆದುಕೊಂಡವರ ಸಂಕಟ ನಿಜ, ಅವರ ಪರವಾಗಿ ಎದ್ದ ಸಿಟ್ಟೂ ನಿಜ. ಆದರೆ ಆ ಸಿಟ್ಟು ಎದುರಿಗೆ ಸಿಕ್ಕ ಮನುಷ್ಯನ ಮೇಲೆ ತೀರಿಹೋಯಿತು. ಬಾಟಲಿಯನ್ನು ಯಾರು ಕೊಂಡರು, ಬಳಸುವ ಮುಂಚೆ ಯಾರಾದರೂ ಪರೀಕ್ಷಿಸಿದರೇ, ಅದೇ ಬ್ಯಾಚಿನ ಉಳಿದ ಬಾಟಲಿಗಳು ಎಲ್ಲಿಗೆ ಹೋದವು ಎಂದು ಕೇಳುವ ಹೊತ್ತಿಗೆ ಜನರ ಗಮನ ಬೇರೆಡೆ ಹರಿದಿತ್ತು.

ಪಂಜಾಬಿನ ಘುಮಾನ್ ಹಳ್ಳಿಯಲ್ಲಿ 2014ರಲ್ಲಿ, ಮಧ್ಯಪ್ರದೇಶದ ಬಡವಾನಿಯಲ್ಲಿ 2015ರಲ್ಲಿ, ಬಿಹಾರದ ಮುಜಫ್ಫರ್‌ಪುರದಲ್ಲಿ 2021ರಲ್ಲಿ ಹೀಗೇ ಗುಂಪುಗುಂಪಾಗಿ ಕಣ್ಣು ಹೋದವು. ಮುಜಫ್ಫರ್‌ಪುರದಲ್ಲಿ ಹಲವರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು. ಪ್ರತಿ ಸಲವೂ ನಡೆಯುವುದು ಒಂದೇ ಸಾಲು: ವೈದ್ಯರ ಅಮಾನತು, ಪರಿಹಾರದ ಘೋಷಣೆ, ತನಿಖಾ ಸಮಿತಿ, ಆಮೇಲೆ ಮೌನ. ಸಮಿತಿಯ ವರದಿ ಮುಂದಿನ ಜಿಲ್ಲೆಯ ಆಪರೇಷನ್ ಕೋಣೆಗೆ ಪಾಠವಾಗಿ ತಲುಪುವುದಿಲ್ಲ. ಗುಂಪಾಗಿ ಬಂದ ಇಂಥ ಸೋಂಕುಗಳ ವರದಿಗಳನ್ನು ಒಟ್ಟಿಗಿಟ್ಟು ನೋಡಿದ ಸಂಶೋಧಕರಿಗೆ ಮತ್ತೆ ಮತ್ತೆ ಸಿಕ್ಕಿರುವುದು ಸೂಡೋಮೊನಾಸ್. ಅದು ನೀರಿನ, ತೇವದ ಜೀವಿ. ಕಣ್ಣು ತೊಳೆಯಲು ನೇತುಹಾಕುವ ದ್ರಾವಣದ ಬಾಟಲಿ, ಪೊರೆ ಪುಡಿ ಮಾಡಿ ಹೀರುವ ಯಂತ್ರದ ಒಳಕೊಳವೆ, ಕೋಣೆಯ ಗಾಳಿ ವ್ಯವಸ್ಥೆ, ಅದರ ಅಡಗುತಾಣಗಳು ಇವೇ. ರೋಗಿಯ ಅಡುಗೆಮನೆಯಲ್ಲಿ ಯಾವ ವರದಿಯೂ ಅದನ್ನು ಹಿಡಿದಿಲ್ಲ.

ಬಾಟಲಿ ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ಇನ್ನೊಂದು ಉದಾಹರಣೆ. ಕಣ್ಣು ಒಣಗಿದವರು ಹಾಕಿಕೊಳ್ಳುವ ಸಾಧಾರಣ ಕಣ್ಣೀರಿನ ಹನಿ, ಚೆನ್ನೈ ಬಳಿಯ ಕಾರ್ಖಾನೆಯೊಂದರಲ್ಲಿ ತಯಾರಾಗಿ ಅಮೆರಿಕಕ್ಕೆ ಹೋಯಿತು. 2023ರ ಮೇ ವೇಳೆಗೆ ಅಲ್ಲಿನ 18 ರಾಜ್ಯಗಳಲ್ಲಿ 81 ಮಂದಿಯಲ್ಲಿ, ಬಹುತೇಕ ಔಷಧಗಳಿಗೆ ಬಗ್ಗದ ಸೂಡೋಮೊನಾಸ್ ಪತ್ತೆಯಾಗಿತ್ತು. ನಾಲ್ವರು ಸತ್ತರು, 14 ಮಂದಿಯ ದೃಷ್ಟಿ ಹೋಯಿತು, ನಾಲ್ವರ ಕಣ್ಣು ತೆಗೆಯಬೇಕಾಯಿತು. ಅಲ್ಲಿಯವರು ಯಾವ ರೋಗಿ ಏನು ಉಂಡ ಎಂದು ಹುಡುಕುತ್ತ ಕೂರಲಿಲ್ಲ. ಜೀವಾಣುವಿನ ವಂಶವಾಹಿ ಓದಿ, ಎಲ್ಲ ರಾಜ್ಯಗಳ ರೋಗಿಗಳಲ್ಲಿ ಇರುವುದು ಒಂದೇ ತಳಿ ಎಂದು ಕಂಡುಕೊಂಡು, ಅವರೆಲ್ಲ ಬಳಸಿದ ಬಾಟಲಿಯತ್ತ ನಡೆದರು. ನಾವು ಕಲಿಯಬೇಕಾದದ್ದು ಆ ನಡಿಗೆಯನ್ನು.

ಪುಕ್ಕಟೆ ಶಿಬಿರದ ಮಾತಿಗೆ ಬರುತ್ತೇನೆ. ಮೂರೂ ನಂಬಿಕೆಗಳಲ್ಲಿ ಹೆಚ್ಚು ಬೇರುಬಿಟ್ಟದ್ದು ಇದು, ಓದಿದವರಲ್ಲೂ ಇದೆ. ದುಡ್ಡು ಕೊಟ್ಟರೆ ಕಣ್ಣು ಉಳಿಯುತ್ತದೆ, ಕೊಡದಿದ್ದರೆ ಹೋಗುತ್ತದೆ, ಒಂದೇ ದಿನ ಅಷ್ಟೊಂದು ಜನಕ್ಕೆ ಮಾಡಿದರೆ ಹೀಗೇ ಆಗುವುದು ಎಂಬ ಮಾತು.

ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳಿಂದ ಶುರು ಮಾಡಿದರು. ಅಲ್ಲಿ ದೊಡ್ಡ ಪಾಲು ಶಸ್ತ್ರಚಿಕಿತ್ಸೆ ಉಚಿತ ಅಥವಾ ರಿಯಾಯಿತಿಯದ್ದು. ಒಂದೇ ಕೋಣೆಯಲ್ಲಿ ಅಕ್ಕಪಕ್ಕದ ಟೇಬಲ್ಲುಗಳು, ಒಂದು ಕಣ್ಣು ಮುಗಿದ ಕೂಡಲೇ ಇನ್ನೊಂದು. ಕಟ್ಟೆಯ ಮೇಲಿನ ತರ್ಕದ ಪ್ರಕಾರ ಅಲ್ಲಿ ದಿನಾ ಕಣ್ಣು ಹೋಗಬೇಕು. ಅರವಿಂದದ ವೈದ್ಯರು 2017ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ. ಆಪರೇಷನ್ ಕೊನೆಯಲ್ಲಿ ಕಣ್ಣೊಳಗೆ ಆಂಟಿಬಯಾಟಿಕ್ ಹಾಕದ 3,02,815 ಕಣ್ಣುಗಳಲ್ಲಿ 214ಕ್ಕೆ ಒಳಸೋಂಕು. ಹಾಕಿದ 3,14,638 ಕಣ್ಣುಗಳಲ್ಲಿ 64ಕ್ಕೆ. ಅಂದರೆ ಶೇ. 0.07 ಇದ್ದದ್ದು ಶೇ. 0.02ಕ್ಕೆ ಇಳಿಯಿತು. ಮುಂದೆ ಇಪ್ಪತ್ತು ಲಕ್ಷ ಆಪರೇಷನ್‌ಗಳ ಲೆಕ್ಕ ತೆಗೆದಾಗಲೂ ಅದೇ ಫಲ. ಐದು ಸಾವಿರ ಕಣ್ಣಿಗೆ ಒಂದು. ದುಬಾರಿ ಆಸ್ಪತ್ರೆಗಳೂ ಹೆಮ್ಮೆಪಡಬಹುದಾದ ಸಂಖ್ಯೆ ಇದು.

ಆ ಔಷಧ ಹಾಕುವುದನ್ನು ಹತ್ತಿರದಿಂದ ನೋಡಿದರೆ ಅದರ ಸರಳತೆಗೆ ಮನಸ್ಸು ತುಂಬುತ್ತದೆ. ಮಸೂರ ಕೂರಿಸಿ ಆಗಿದೆ. ಜೆಲ್ ತೊಳೆದಾಗಿದೆ. ಒಂದು ಮಿಲೀಲೀಟರಿನ ಸಣ್ಣ ಸಿರಿಂಜು, ತುದಿಗೆ ಕೂದಲೆಳೆಯಂಥ ಮೊಂಡು ನಳಿಕೆ. ಪಕ್ಕದಲ್ಲಿ ಮೊದಲೇ ಮಾಡಿಕೊಂಡ ಚಿಕ್ಕ ಕಿಂಡಿಯಿಂದ 0.1 ಮಿಲೀಲೀಟರ್ ಮಾಕ್ಸಿಫ್ಲಾಕ್ಸಸಿನ್ ಒಳಗೆ ಬಿಡುತ್ತಾರೆ. ಅದರಲ್ಲಿರುವ ಔಷಧ ಅರ್ಧ ಮಿಲಿಗ್ರಾಂ. ಕೆಲವೇ ಸೆಕೆಂಡಿನ ಕೆಲಸ. ಅರವಿಂದ ಬಳಸಿದ್ದು ಮಧುರೆಯಲ್ಲೇ ಇರುವ ಆರೋಲ್ಯಾಬ್ ಎಂಬ ಕಾರ್ಖಾನೆಯಲ್ಲಿ ತಯಾರಾದ ಅಗ್ಗದ ಔಷಧ. ನಮ್ಮ ದೇಶದಲ್ಲಿ ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಪೊರೆ ಆಪರೇಷನ್ ನಡೆಯುತ್ತದೆ. ಮಧುರೆಯ ಎರಡು ಪ್ರಮಾಣಗಳನ್ನು 60 ಲಕ್ಷಕ್ಕೆ ಹಾಕಿ ಗುಣಿಸಿ ನೋಡಿ: ಒಂದರಲ್ಲಿ 4,200 ಕಣ್ಣು, ಇನ್ನೊಂದರಲ್ಲಿ 1,200. ನಡುವಿನ ಮೂರು ಸಾವಿರ ಕಣ್ಣು ಒಂದು ವರ್ಷದ್ದು.

ಶಿಬಿರಗಳ ನಾಡು ನಮ್ಮದು. ಬೀಳಗಿಯ ಡಾ. ಎಂ. ಸಿ. ಮೋದಿಯವರನ್ನು ನೆನೆಯದೆ ಕರ್ನಾಟಕದಲ್ಲಿ ಕಣ್ಣಿನ ಮಾತು ಮುಗಿಯುವುದಿಲ್ಲ. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ ದಾಖಲೆ ಅವರದ್ದು. ಅವರು ಬಂದರೆಂದರೆ ಊರಿಗೆ ಊರೇ ಸೇರುತ್ತಿತ್ತು. ಪೊರೆಯನ್ನು ಇಡಿಯಾಗಿ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದ ಕಾಲ ಅದು. ಅವರಿಂದ ಬೆಳಕು ಕಂಡವರ ಮನೆಗಳಲ್ಲಿ ಇಂದಿಗೂ ಅವರ ಹೆಸರನ್ನು ಕೈಮುಗಿದು ಹೇಳುತ್ತಾರೆ, ಹೇಳಬೇಕಾದ್ದೇ. ಆದರೆ ಮೋದಿಯವರ ಕಾಲದಲ್ಲಿ ಯಾರ ಕಣ್ಣೂ ಹೋಗುತ್ತಿರಲಿಲ್ಲ, ಈಗಿನವರು ಕೆಡಿಸಿದರು ಎನ್ನುವ ಮಾತನ್ನು ಒಪ್ಪುವಂತಿಲ್ಲ. ಮಾಡಿದ ಆಪರೇಷನ್‌ಗಳ ಸಂಖ್ಯೆ ನಾಡಿನ ನೆನಪಿನಲ್ಲಿ ಉಳಿದಿದೆ, ಮನೆಗೆ ಹೋದ ಮೇಲೆ ಕೀವಾದ ಕಣ್ಣುಗಳ ಸಂಖ್ಯೆ ಉಳಿದಿಲ್ಲ. ಎಣಿಸದೆ ಹೋದದ್ದನ್ನು ಇಲ್ಲವೆಂದುಕೊಳ್ಳುವುದು ಬೇಡ. ಶಾಲೆಯ ಹಾಲಿನಲ್ಲಿ, ಶಾಮಿಯಾನದಲ್ಲಿ ಕೊಯ್ಯುವುದು ನಿಂತು, ಹಳ್ಳಿಯಲ್ಲಿ ತಪಾಸಣೆ ಮಾಡಿ ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವ ಪದ್ಧತಿ ಬಂದದ್ದು ಒಳ್ಳೆಯದೇ ಆಯಿತು. ಆದರೂ ಗುಂಪು ಸೋಂಕು ನಿಂತಿಲ್ಲ, ಏಕೆಂದರೆ ಕೆಟ್ಟ ಬಾಟಲಿ ಶಾಮಿಯಾನಕ್ಕೂ ಬರುತ್ತದೆ, ಗ್ರಾನೈಟ್ ನೆಲದ ಕೋಣೆಗೂ ಬರುತ್ತದೆ.

ಇಷ್ಟು ಹೇಳಿದ ಮೇಲೆ ಸಂಶೋಧನೆಯನ್ನೂ ಕಣ್ಣುಮುಚ್ಚಿ ಒಪ್ಪಬಾರದು. ಮಧುರೆಯ ಲೆಕ್ಕ ದೊಡ್ಡದು, ಆದರೆ ಅದು ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡಿದ ಪ್ರಯೋಗವಲ್ಲ. ಔಷಧ ಶುರುವಾಗುವ ಮುಂಚಿನವರನ್ನೂ ಆಮೇಲಿನವರನ್ನೂ ಹೋಲಿಸಿದ್ದು. ಆ ನಡುವೆ ಬೇರೆ ಅಭ್ಯಾಸಗಳೂ ಸುಧಾರಿಸಿರಬಹುದು ಎಂಬ ಆಕ್ಷೇಪಕ್ಕೆ ಬೆಲೆ ಇದೆ. ಚೀಟಿ ಎತ್ತಿ ಮಾಡಿದ ಪ್ರಯೋಗ ಯುರೋಪಿನದು. ಒಂಬತ್ತು ದೇಶಗಳ 24 ಕೇಂದ್ರಗಳಲ್ಲಿ 16,000ಕ್ಕೂ ಹೆಚ್ಚು ರೋಗಿಗಳು. 2007ರಲ್ಲಿ ಪೂರ್ಣ ವರದಿ. ಅವರು ಹಾಕಿದ್ದು ಸೆಫ್ಯುರಾಕ್ಸಿಮ್. ಹಾಕದವರಲ್ಲಿ ಸೋಂಕಿನ ಸಾಧ್ಯತೆ ಸುಮಾರು ಐದು ಪಟ್ಟು ಹೆಚ್ಚಿತ್ತು. ಅದೇ ಪ್ರಯೋಗದಲ್ಲಿ ಆಪರೇಷನ್ ಆಸುಪಾಸಿನಲ್ಲಿ ಬಿಟ್ಟ ಆಂಟಿಬಯಾಟಿಕ್ ಹನಿಯಿಂದ ಲಾಭವಾಯಿತೆಂದು ಖಚಿತವಾಗಿ ಹೇಳಲು ಆಗಲಿಲ್ಲ. ನಮ್ಮ ಮನೆಗಳಲ್ಲಿ ಹನಿಯ ಮೇಲೆ ಎಷ್ಟು ಭಕ್ತಿ! ಗಂಟೆ ನೋಡಿ, ಅಲಾರಂ ಇಟ್ಟು ಬಿಡುತ್ತೇವೆ. ಬಿಡಬೇಕು, ಡಾಕ್ಟರ್ ಹೇಳಿದಷ್ಟು ದಿನ ಬಿಡಲೇಬೇಕು. ಅದರಲ್ಲಿ ಊತ ಇಳಿಸುವ ಔಷಧವೂ ಇರುತ್ತದೆ. ಆದರೆ ಹನಿ ತಪ್ಪದೆ ಬಿಟ್ಟಿದ್ದೇನೆ, ಆದ್ದರಿಂದ ಸೋಂಕು ಬರಲಾರದು ಎಂದು ನಂಬಿ ಕೂರುವುದು ಅಪಾಯ. ಒಳಗೆ ಹಾಕುವ ಔಷಧವೂ ನಿರಪಾಯವಲ್ಲ. ಅಮೆರಿಕದಲ್ಲಿ ಕೆಲವರು ವ್ಯಾಂಕೋಮೈಸಿನ್ ಹಾಕುತ್ತಿದ್ದರು. ಅದರಿಂದ ಕೆಲವು ಕಣ್ಣುಗಳ ಅಕ್ಷಿಪಟಲದ ರಕ್ತನಾಳಗಳು ಮುಚ್ಚಿ ದೃಷ್ಟಿ ಹೋದದ್ದು ಬೆಳಕಿಗೆ ಬಂದು, 2017ರಲ್ಲಿ ಅಲ್ಲಿನ ಔಷಧ ಇಲಾಖೆ ಎಚ್ಚರಿಕೆ ಕೊಟ್ಟಿತು. ಯಾವ ಔಷಧ, ಎಷ್ಟು, ಯಾರು ಬೆರೆಸಿದ್ದು ಎಂಬ ಪ್ರಶ್ನೆ ಇಲ್ಲೂ ಬಿಡುವುದಿಲ್ಲ.

ನನ್ನ ದೊಡ್ಡ ತಕರಾರು 1995ರ ಅಮೆರಿಕದ ಅಧ್ಯಯನವನ್ನು ನಮ್ಮಲ್ಲಿ ಶಾಸನದ ಹಾಗೆ ಓದುವುದರ ಬಗ್ಗೆ. ಆ ಅಧ್ಯಯನ ಹೇಳಿದ್ದು ಎರಡು ಮಾತು. ಒಂದು, ರಕ್ತನಾಳದ ಮೂಲಕ ಆಂಟಿಬಯಾಟಿಕ್ ಕೊಟ್ಟರೂ ಕೊಡದಿದ್ದರೂ ಫಲಿತಾಂಶ ಒಂದೇ. ಔಷಧವನ್ನು ನೇರವಾಗಿ ಕಣ್ಣೊಳಗೇ ಚುಚ್ಚಬೇಕು. ಎರಡು, ಬರೀ ಬೆಳಕು ಮಾತ್ರ ಕಾಣುವಷ್ಟು ಕೆಟ್ಟ ಕಣ್ಣಿಗೆ, ಒಳಗಿನ ಲೋಳೆಯನ್ನು ಕತ್ತರಿಸಿ ತೆಗೆಯುವ ವಿಟ್ರೆಕ್ಟಮಿ ಕೂಡಲೇ ಮಾಡಿದರೆ ಬಹಳ ಲಾಭ: ಅಂಥವರಲ್ಲಿ ಒಳ್ಳೆಯ ದೃಷ್ಟಿ ಮರಳಿದ್ದು ವಿಟ್ರೆಕ್ಟಮಿಯಿಂದ ಶೇ. 33ರಲ್ಲಿ, ಬರೀ ಚುಚ್ಚುಮದ್ದಿನಿಂದ ಶೇ. 11ರಲ್ಲಿ. ಅದಕ್ಕಿಂತ ಚೆನ್ನಾಗಿ ಕಾಣುವ ಕಣ್ಣಿಗೆ ಚುಚ್ಚುಮದ್ದೇ ಸಾಕು. ಎರಡೂ ಬೆಲೆಬಾಳುವ ಮಾತುಗಳು. ಆದರೆ ಆ 420 ಜನ ಯಾರು? ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ತಿಳಿಯಾಗಿದ್ದು, ಒಳಗೆ ಕೆಲಸ ಮಾಡಲು ಕಾಣುವಂಥವರನ್ನು ಮಾತ್ರ ಸೇರಿಸಿಕೊಂಡಿದ್ದರು. ಬೆಳಕೂ ಕಾಣದವರನ್ನು ಸೇರಿಸಿರಲಿಲ್ಲ. ಪೆಟ್ಟು ಬಿದ್ದು ಸೋಂಕಾದವರು ಅದರಲ್ಲಿ ಇರಲೇ ಇಲ್ಲ. ಆ 420 ಜನರ ಸೋಂಕಿನಲ್ಲಿ ಬಹುಪಾಲು ರೆಪ್ಪೆಯ ಮೆದು ಜೀವಾಣು. ಹೈದರಾಬಾದಿನ ಎಲ್. ವಿ. ಪ್ರಸಾದ್ ಸಂಸ್ಥೆಯ ತಾರಾಪ್ರಸಾದ್ ದಾಸ್, ಸಾವಿತ್ರಿ ಶರ್ಮಾ ಮೊದಲಾದವರು ಅನೇಕ ವರ್ಷಗಳಿಂದ ತೋರಿಸುತ್ತ ಬಂದಿರುವುದು ಬೇರೆ ಚಿತ್ರ: ನಮ್ಮಲ್ಲಿ ಸೂಡೋಮೊನಾಸ್‌ನಂಥ ಉಗ್ರ ಜೀವಾಣುಗಳ ಪಾಲು, ಶಿಲೀಂಧ್ರದ ಪಾಲು, ಅಮೆರಿಕದವರದ್ದಕ್ಕಿಂತ ಬಹಳ ಹೆಚ್ಚು. ಬಡವಾನಿಯ, ಮುಜಫ್ಫರ್‌ಪುರದ ಕಣ್ಣುಗಳಂಥವು ಬಂದಾಗ ಪಾರದರ್ಶಕ ಪೊರೆಯೇ ಬಿಳಿಚಿ ಹೋಗಿರುತ್ತದೆ. ಅಂಥ ಕಣ್ಣು ಆ ಅಧ್ಯಯನದ ಬಾಗಿಲಲ್ಲೇ ನಿಂತುಬಿಡುತ್ತಿತ್ತು. ಒಳಗೇ ಬಿಟ್ಟುಕೊಳ್ಳದ ಕಣ್ಣಿನ ಬಗ್ಗೆ ಆ ಅಧ್ಯಯನ ತೀರ್ಪು ಕೊಡಲಾರದು. ಅಂಕಿ ಕಾಣುತ್ತಿದೆಯಲ್ಲ, ಚುಚ್ಚುಮದ್ದು ಕೊಟ್ಟಿದ್ದೇವೆ, ಕಾಯೋಣ ಎಂದು ನಮ್ಮ ವೈದ್ಯರು ಆ ಪುಸ್ತಕದ ಮೇಲೆ ಭಾರ ಹಾಕಿದಾಗ ನನಗೆ ಭಯವಾಗುತ್ತದೆ.

ಪೆಟ್ಟಿನ ಸೋಂಕಿನದ್ದು ಇನ್ನೂ ಕಠಿಣ ಲೋಕ. ಕಲ್ಲು ಒಡೆಯುವವನು, ಉಳಿಯ ತಲೆಗೆ ಸುತ್ತಿಗೆ ಹೊಡೆಯುವವನು, ನೇಗಿಲಿನ ಗುಳ ತಟ್ಟುವವನು. ಕಬ್ಬಿಣದ ಚೂರು ಹಾರಿ ಗುಡ್ಡೆಯೊಳಗೆ ಹೊಕ್ಕರೆ ಗಾಯ ಹೊರಗೆ ಸಾಸಿವೆಯಷ್ಟೂ ಕಾಣುವುದಿಲ್ಲ. ಚೂರಿನ ಜೊತೆ ಮಣ್ಣು, ಮಣ್ಣಿನ ಜೊತೆ ಬ್ಯಾಸಿಲಸ್ ಎಂಬ ಜೀವಾಣು ಹೋದರೆ ಒಂದೆರಡು ದಿನದಲ್ಲಿ ಕಣ್ಣು ಮುಗಿದಂತೆಯೇ. ಇಲ್ಲಿ ರೂಢಿಯ ನಂಬಿಕೆ, "ಸ್ವಲ್ಪ ಕಸ ಬಿದ್ದಿದೆ, ತಾನೇ ಹೋಗುತ್ತದೆ." ಕೆಲವೆಡೆ ನಾಲಿಗೆಯಿಂದ ಕಸ ತೆಗೆಯುವವರಿದ್ದಾರೆ, ಎದೆಹಾಲು ಹಿಂಡುವವರಿದ್ದಾರೆ, ಹರಳೆಣ್ಣೆ ಬಿಡುವವರಿದ್ದಾರೆ. ಭತ್ತದ ತೆನೆಯ ಚುಂಗು, ಕಬ್ಬಿನ ಗರಿ ತಾಗಿ ಗೀರಿದ ಕಣ್ಣಿಗೆ ಶಿಲೀಂಧ್ರ ಹತ್ತುವುದು ದಕ್ಷಿಣ ಭಾರತದಲ್ಲಿ ತೀರಾ ಸಾಮಾನ್ಯ. ಅದಕ್ಕೆ ಮೆಡಿಕಲ್ ಶಾಪಿನವನು ಕೊಡುವ ಕೆಂಪು ಇಳಿಸುವ ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ, ಎರಡು ದಿನ ಕೆಂಪು ಇಳಿಯುತ್ತದೆ, ಒಳಗೆ ಬೂಷ್ಟು ಬೆಳೆಯುತ್ತದೆ.

ಇಲ್ಲೂ ಗಂಟೆಯೇ ಮುಖ್ಯ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಸ್ವಯಂಸೇವಕರಿಗೆ ತರಬೇತಿ ಕೊಟ್ಟು, ಕಣ್ಣು ಗೀರಿದವರಿಗೆ ಕ್ಲೋರಾಂಫೆನಿಕಾಲ್ ಮುಲಾಮನ್ನು ಮೂರು ದಿನ ಹಚ್ಚಿಸಿದರು. 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ ಎಂದು 2001ರಲ್ಲಿ ವರದಿಯಾಯಿತು. ಅದೇ ನೇಪಾಳದಲ್ಲಿ ಆಮೇಲೆ ಹಳ್ಳಿಗಳನ್ನೇ ಚೀಟಿ ಎತ್ತಿ ಹಂಚಿ ದೊಡ್ಡ ಪ್ರಯೋಗ ಮಾಡಿದಾಗ, ಸ್ವಯಂಸೇವಕರಿದ್ದ ಹಳ್ಳಿಗಳಲ್ಲಿ ಹುಣ್ಣು ಕಡಿಮೆಯಾಗಲಿಲ್ಲ. ಮೊದಲ ವರದಿಯನ್ನು ಎತ್ತಿ ಹೇಳುವವರು ಎರಡನೆಯದನ್ನೂ ಹೇಳಬೇಕು. ನನ್ನ ಮಟ್ಟಿಗೆ ಎರಡನ್ನೂ ಜೋಡಿಸುವ ಅರ್ಥ ಇದು: ಮುಲಾಮು ಹಳ್ಳಿಯಲ್ಲಿ ಇದ್ದರೆ ಸಾಲದು, ಕಣ್ಣು ಗೀರಿದವನು ಎದ್ದು ಹೋಗಿ ಅದನ್ನು ಕೇಳಬೇಕು. ಕೂಲಿ ತಪ್ಪುತ್ತದೆ ಎಂದು ಅವನು ಏಳುವುದಿಲ್ಲ.

ಹಾಗಾದರೆ ವೈದ್ಯರನ್ನು, ಆಸ್ಪತ್ರೆಗಳನ್ನು ಬಿಟ್ಟುಬಿಡುವುದೇ? ಖಂಡಿತ ಇಲ್ಲ. ಬಾಟಲಿಯನ್ನು ದೂರುವುದೆಂದರೆ ಬಾಟಲಿಯನ್ನು ಕೊಂಡವರನ್ನು, ತೆರೆದವರನ್ನು, ಒಂದೇ ಬಾಟಲಿಯನ್ನು ಹಲವು ಕಣ್ಣಿಗೆ ಹಂಚಿದವರನ್ನು ದೂರುವುದೇ. ನನ್ನ ವಾದ ಇಷ್ಟು: ಆ ದೂರು ಪುರಾವೆಯ ಮೇಲೆ ನಿಲ್ಲಲಿ. ಪ್ರತಿ ರೋಗಿಯ ಕಾಗದದಲ್ಲಿ ಅವರ ಕಣ್ಣಿಗೆ ಬಳಸಿದ ದ್ರಾವಣ, ಜೆಲ್, ಮಸೂರ ಮೂರರ ಬ್ಯಾಚ್ ಸಂಖ್ಯೆ ಇರಲಿ. ಈಗ ಮಸೂರದ ಸ್ಟಿಕ್ಕರ್ ಮಾತ್ರ ಅಂಟಿಸುತ್ತಾರೆ. ಒಂದೇ ದಿನ ಎರಡು ಕಣ್ಣು ಕೆಟ್ಟರೆ ಆ ಕೋಣೆ ಅವತ್ತೇ ಮುಚ್ಚಲಿ, ಉಳಿದ ಬಾಟಲಿಗಳು ತೊಳೆಯದೆ ಪ್ರಯೋಗಾಲಯಕ್ಕೆ ಹೋಗಲಿ. ಎಲ್ಲಕ್ಕಿಂತ ಮೊದಲು, ಪ್ರತಿ ಆಸ್ಪತ್ರೆ ವರ್ಷಕ್ಕೆ ಎಷ್ಟು ಪೊರೆ ತೆಗೆಯಿತು ಎಂದು ಫ್ಲೆಕ್ಸ್ ಹಾಕುವ ಹಾಗೆ, ಎಷ್ಟು ಕಣ್ಣಿಗೆ ಒಳಸೋಂಕಾಯಿತು ಎಂದೂ ಸರ್ಕಾರಕ್ಕೆ ಬರೆದುಕೊಡಲಿ, ಸರ್ಕಾರ ಅದನ್ನು ಪ್ರಕಟಿಸಲಿ. ಮಧುರೆಯವರು 214 ಎಂಬ ಸಂಖ್ಯೆಯನ್ನು ಮುಚ್ಚಿಡದೆ ಅಚ್ಚು ಹಾಕಿಸಿದ್ದರಿಂದಲೇ 64 ಎಂಬ ಸಂಖ್ಯೆಗೆ ಅರ್ಥ ಬಂತು. ಹೊಡೆತದ, ಅಮಾನತಿನ ಭಯ ಇರುವಲ್ಲಿ ಯಾರೂ ತಮ್ಮ 214ನ್ನು ಬರೆಯುವುದಿಲ್ಲ.

ಮನೆಯವರಿಗೆ ನನ್ನ ಕೋರಿಕೆ ಬೇರೆ ಇದೆ. ಆಪರೇಷನ್ ಮುಂಚೆ ಡಾಕ್ಟರನ್ನು ಕೇಳಿ: "ಕೊನೆಯಲ್ಲಿ ಕಣ್ಣೊಳಗೆ ಆಂಟಿಬಯಾಟಿಕ್ ಹಾಕ್ತೀರಾ? ರಾತ್ರಿ ತೊಂದರೆ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು?" ಕೇಳುವುದರಲ್ಲಿ ಅವಮಾನವಿಲ್ಲ, ಅವರಿಗೂ ಇಲ್ಲ. ನೋವಿದ್ದರೆ ಮಾತ್ರ ಹೋಗೋಣ ಎಂದು ಕಾಯಬೇಡಿ. ಆ ಅಮೆರಿಕದ ಅಧ್ಯಯನದಲ್ಲಿ ಕಣ್ಣು ಮಂಜಾದವರು ಶೇ. 94, ನೋವಿದ್ದವರು ಶೇ. 74. ನಾಲ್ವರಲ್ಲಿ ಒಬ್ಬರಿಗೆ ನೋವೇ ಇರಲಿಲ್ಲ. ನಿನ್ನೆ ಕಂಡದ್ದು ಇವತ್ತು ಕಾಣದಿದ್ದರೆ ಅಷ್ಟೇ ಸಾಕು, ಸೋಮವಾರ ಬರಲಿ ಎನ್ನಬೇಡಿ, ಅದೇ ರಾತ್ರಿಯ ಬಸ್ಸಿಗೆ ಹತ್ತಿಸಿ.

ಮತ್ತು ದಾರಿಯಲ್ಲಿ, ಏನು ಉಂಡೆ ಎಂದು ಅವರನ್ನು ಕೇಳಬೇಡಿ.